ಜೊಟೆರೊ: ಶಾಸನ, ವಚನ, ಹಾಡುಗಳ ನಡುವೆ ಬಳಸಿ ನೋಡಿದ ಮೇಲೆ

ಎಂಎ ಕಿರುಪ್ರಬಂಧ ಬರೆಯುವವರಿಂದ ಹಿಡಿದು ಪಿಎಚ್‌ಡಿ ಮುಗಿಸುವ ಹಂತದಲ್ಲಿರುವವರ ತನಕ ನನ್ನನ್ನು ಜಾಸ್ತಿ ಜನ ಕೇಳುವ ಪ್ರಶ್ನೆ ಒಂದೇ: 'ಮೇಡಂ, ಸಿಮಿಲಾರಿಟಿ ಎಷ್ಟು ಪರ್ಸೆಂಟ್ ಇದ್ದರೆ ನಡೆಯುತ್ತೆ?' ಸಿಮಿಲಾರಿಟಿ ಎಂದರೆ ಪ್ರಬಂಧದ ಎಷ್ಟು ಭಾಗ ಬೇರೆ ಬರಹಗಳನ್ನು ಹೋಲುತ್ತದೆ ಎಂದು ತಂತ್ರಾಂಶ ತೋರಿಸುವ ಲೆಕ್ಕ. ಉತ್ತರ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2018ರಲ್ಲಿ ಹೊರಡಿಸಿದ ನಿಯಮದಲ್ಲೇ ಇದೆ. 10 ಪರ್ಸೆಂಟ್ ತನಕ ದಂಡವಿಲ್ಲ. 10ರಿಂದ 40ರ ಒಳಗಿದ್ದರೆ 6 ತಿಂಗಳು ಮೀರದಂತೆ ಕೊಟ್ಟ ಗಡುವಿನಲ್ಲಿ ತಿದ್ದಿ ಕೊಡಬೇಕು. 40ರಿಂದ 60 ಆದರೆ ತಿದ್ದಿದ ಪ್ರಬಂಧ ಕೊಡಲು ಒಂದು ವರ್ಷ ಬಿಡುವುದಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಇಷ್ಟು ಹೇಳಿದ ಮೇಲೆ ನಾನು ತಿರುಗಿ ಕೇಳುತ್ತೇನೆ: 'ನೀವು ಓದುವಾಗ ನೋಟ್ಸ್ ಎಲ್ಲಿ ಬರೆದುಕೊಳ್ಳುತ್ತೀರಿ?' ಹೆಚ್ಚಿನವರ ಉತ್ತರ ಒಂದು ವರ್ಡ್ ಫೈಲ್, ಇಲ್ಲವೇ ಮೊಬೈಲ್‌ನಲ್ಲಿ ತೆಗೆದ ಪುಟಗಳ ಫೋಟೋ. ಯಾವ ಪುಸ್ತಕ, ಎಷ್ಟನೇ ಪುಟ, ಯಾವುದು ಲೇಖಕರ ಮಾತು, ಯಾವುದು ನನ್ನ ಮಾತು ಎನ್ನುವುದು ಅಲ್ಲಿ ಇರುವುದೇ ಇಲ್ಲ.

ಪರ್ಸೆಂಟ್ ಲೆಕ್ಕ ಪ್ರಬಂಧ ಮುಗಿದ ಮೇಲೆ ಬರುವಂಥದ್ದು. ಬೇರೆಯವರ ಮಾತು ನಮ್ಮ ಬರಹದೊಳಗೆ ಸೇರಿಕೊಳ್ಳುವುದು ಅದಕ್ಕೆ ಎರಡು ಮೂರು ವರ್ಷ ಮೊದಲೇ, ಓದುವ ಮೇಜಿನ ಮೇಲೆ. ಆಕರ, ನೋಟ್ಸ್, ಉಲ್ಲೇಖಗಳನ್ನು ಒಂದೆಡೆ ಕೂಡಿಡುವ ಜೊಟೆರೊ ಎಂಬ ತಂತ್ರಾಂಶವನ್ನು ನಾನು ಇಷ್ಟು ಮೆಚ್ಚುವುದಕ್ಕೆ ಕಾರಣ ಅದು ಆ ಮೇಜಿನ ಹತ್ತಿರವೇ ಕೆಲಸ ಮಾಡುತ್ತದೆ ಎನ್ನುವುದು. ಇದರ ಬಗ್ಗೆ ಇಂಗ್ಲಿಷ್‌ನಲ್ಲಿ ಬೇಕಾದಷ್ಟು ಓದಲು ಸಿಗುತ್ತದೆ. ಕನ್ನಡದ ಆಕರಗಳನ್ನು ಇಟ್ಟುಕೊಂಡು ಕೆಲಸ ಮಾಡುವವರಿಗೆ ಇದು ಎಷ್ಟು ಒದಗುತ್ತದೆ, ಎಲ್ಲಿ ಕೈಕೊಡುತ್ತದೆ ಎನ್ನುವುದನ್ನು ಇಲ್ಲಿ ಹೇಳುತ್ತೇನೆ. ನನ್ನ ವಿಷಯ ಇತಿಹಾಸ. ಶಿಕಾರಿಪುರ, ಸೊರಬ ಸೀಮೆಯ ಶಾಸನಗಳಲ್ಲಿ ದಾನ ಕೊಟ್ಟ ಹೆಂಗಸರ ಬಗ್ಗೆ ನನ್ನ ಸಂಶೋಧನೆ. ಹಾಗಾಗಿ ಉದಾಹರಣೆಗಳೂ ಆ ಕಡೆಯವೇ ಜಾಸ್ತಿ.

ಮೊದಲು ಪರಿಚಯ. ಜೊಟೆರೊ 2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ಶುರು ಮಾಡಿದವರು ಅಲ್ಲಿನ ಇತಿಹಾಸ ಮತ್ತು ಹೊಸ ಮಾಧ್ಯಮ ಕೇಂದ್ರದವರು, ಅಂದರೆ ಇತಿಹಾಸದ ಜನ. ಆ ಗುರುತು ಇವತ್ತಿಗೂ ಇದರಲ್ಲಿ ಕಾಣುತ್ತದೆ. ಪತ್ರಿಕಾ ಲೇಖನ, ಪುಸ್ತಕ ಮಾತ್ರವಲ್ಲ, ಹಸ್ತಪ್ರತಿ, ಪತ್ರ, ಸಂದರ್ಶನ, ನಕ್ಷೆ ಎಲ್ಲಕ್ಕೂ ಜಾಗವಿದೆ. ಪೂರ್ತಿ ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಬ್ರೌಸರ್‌ಗೆ ಕನೆಕ್ಟರ್ ಎಂಬ ಸಣ್ಣ ಸಾಧನ ಹಾಕಿಕೊಂಡರೆ, ತೆರೆದ ಪುಟದಲ್ಲಿರುವ ಲೇಖನದ ವಿವರವನ್ನು ಒಂದು ಕ್ಲಿಕ್‌ನಲ್ಲಿ ಎಳೆದುಕೊಳ್ಳುತ್ತದೆ. ಬರೆಯುವಾಗ ವರ್ಡ್, ಲಿಬ್ರೆ ಆಫೀಸ್ ಅಥವಾ ಗೂಗಲ್ ಡಾಕ್ಸ್‌ನಿಂದಲೇ ಉಲ್ಲೇಖ ಸೇರಿಸಬಹುದು, ಕೊನೆಯಲ್ಲಿ ಗ್ರಂಥಋಣ ತಾನೇ ತಯಾರಾಗುತ್ತದೆ.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಗ್ರಂಥಋಣ ತಾನೇ ತಯಾರಾಗುವುದು ಅನುಕೂಲ ಅಷ್ಟೇ. ನನಗೆ ದೊಡ್ಡದು ಅನ್ನಿಸಿದ್ದು ಬೇರೆ.

2022ರಲ್ಲಿ ಬಂದ 6ನೇ ಆವೃತ್ತಿಯಿಂದ ಜೊಟೆರೊ ಒಳಗೇ ಪಿಡಿಎಫ್ ಓದಬಹುದು. ಓದುತ್ತಾ ಒಂದು ಸಾಲಿಗೆ ಬಣ್ಣ ಬಳಿಯುತ್ತೀರಿ. ಪಕ್ಕದಲ್ಲಿ ನಿಮ್ಮ ಟಿಪ್ಪಣಿ ಬರೆಯುತ್ತೀರಿ. ಆಮೇಲೆ ಈ ಗುರುತುಗಳನ್ನೆಲ್ಲಾ ಒಂದು ನೋಟ್ ಆಗಿ ಮಾಡು ಎಂದರೆ, ಲೇಖಕರ ಸಾಲು ಉದ್ಧರಣ ಚಿಹ್ನೆಯೊಳಗೆ ಬರುತ್ತದೆ. ಅದರ ಬೆನ್ನಿಗೇ ಲೇಖಕರ ಹೆಸರು, ವರ್ಷ, ಪುಟ ಬರುತ್ತದೆ. ನಿಮ್ಮ ಟಿಪ್ಪಣಿ ಅದರ ನಂತರ, ಚಿಹ್ನೆಯ ಹೊರಗೆ ಇರುತ್ತದೆ. ಆ ನೋಟನ್ನು ಹಾಗೇ ವರ್ಡ್‌ಗೆ ತಂದರೂ ಉಲ್ಲೇಖ ಅಂಟಿಕೊಂಡೇ ಬರುತ್ತದೆ. ಜೊಟೆರೊದ ನೋಟ್‌ನಲ್ಲಿ ಪುಟ ಸಂಖ್ಯೆಯ ಮೇಲೆ ಒತ್ತಿದರೆ ಪಿಡಿಎಫ್‌ನ ಅದೇ ಸಾಲಿಗೆ ಕರೆದುಕೊಂಡು ಹೋಗುತ್ತದೆ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ನಮ್ಮಲ್ಲಿ ನಡೆಯುವ ಕೃತಿಚೌರ್ಯದಲ್ಲಿ ಒಂದು ದೊಡ್ಡ ಪಾಲು ಕದಿಯುವ ಉದ್ದೇಶದಿಂದ ಆಗುವುದಲ್ಲ. ನೋಟ್ಸ್‌ನಲ್ಲಿ ಉದ್ಧರಣ ಚಿಹ್ನೆ ಬಿಟ್ಟುಹೋಗಿರುತ್ತದೆ. ಎರಡು ವರ್ಷ ಬಿಟ್ಟು ನೋಡಿದಾಗ ಆ ಸಾಲು ತಮ್ಮದೇ ಎಂದು ಅನ್ನಿಸುತ್ತದೆ. ಚೆನ್ನಾಗಿಯೂ ಇರುತ್ತದೆ. ಹಾಗೇ ಅಧ್ಯಾಯದೊಳಗೆ ಹೋಗುತ್ತದೆ. ಬರೆದವರಿಗೆ ಗೊತ್ತೇ ಇರುವುದಿಲ್ಲ. ಆದರೆ ಯಾರ ಮಾತು ಹೋಯಿತೋ ಅವರಿಗೆ ಅನ್ಯಾಯ ಆಗಿಯೇ ಆಗಿರುತ್ತದೆ, ಅಲ್ವಾ? ಓದುವ ಹೊತ್ತಿನಲ್ಲೇ ಬೇಲಿ ಹಾಕಿಬಿಟ್ಟರೆ ಆಮೇಲೆ ಯಾರ ಹೊಲ ಎಲ್ಲಿಗೆ ಮುಗಿಯಿತು ಎಂಬ ಗೊಂದಲವೇ ಇಲ್ಲ.

ನಾನು ಬಣ್ಣಗಳನ್ನೂ ಹೀಗೇ ಹಂಚಿಕೊಂಡಿದ್ದೇನೆ. ಹಳದಿ ಎಂದರೆ ಇದ್ದಂತೆ ಉದ್ಧರಿಸಬೇಕಾದ ಮಾತು. ಹಸಿರು ಎಂದರೆ ಲೇಖಕರ ವಾದ, ನನ್ನ ಮಾತಿನಲ್ಲಿ ಹೇಳಿ ಅವರ ಹೆಸರು ಹಾಕಬೇಕಾದದ್ದು. ಕೆಂಪು ಎಂದರೆ ಒಪ್ಪಿಗೆ ಇಲ್ಲದ್ದು. ನೇರಳೆ ಎಂದರೆ ಈ ಲೇಖಕರು ಬೇರೆಯವರಿಂದ ತೆಗೆದುಕೊಂಡದ್ದು, ಮೂಲಕ್ಕೆ ಹೋಗಿ ನೋಡಬೇಕು. ನನ್ನ ಕೆಲಸದಲ್ಲಿ ಜಾಸ್ತಿ ಕಾಣುವುದು ನೇರಳೆಯೇ.

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭ ಶಾಸನವನ್ನೇ ತೆಗೆದುಕೊಳ್ಳಿ. ಕದಂಬರ ಬಗ್ಗೆ ಬರೆಯುವವರು ಯಾರೂ ಇದನ್ನು ಬಿಡುವ ಹಾಗಿಲ್ಲ. ಕುಬ್ಜ ಎಂಬ ಕವಿ ಸಂಸ್ಕೃತದಲ್ಲಿ ಬರೆದದ್ದು. ಬಿ.ಎಲ್. ರೈಸ್ ಇದನ್ನು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಮಾಲೆಯ 1902ರ 7ನೇ ಸಂಪುಟದಲ್ಲಿ ಶಿಕಾರಿಪುರ 176 ಎಂಬ ಸಂಖ್ಯೆಯಲ್ಲಿ ಪ್ರಕಟಿಸಿದರು. ಆಮೇಲೆ ಜರ್ಮನ್ ವಿದ್ವಾಂಸ ಕೀಲ್‌ಹಾರ್ನ್ ಅದನ್ನೇ ಮತ್ತೆ ಓದಿ, ಅನುವಾದ ಮಾಡಿ ಎಪಿಗ್ರಾಫಿಯಾ ಇಂಡಿಕಾದ 8ನೇ ಸಂಪುಟದಲ್ಲಿ ಪ್ರಕಟಿಸಿದರು. ಕಲ್ಲು ಒಂದೇ, ಓದು ಎರಡು. ಇವೆರಡನ್ನು ಆಧರಿಸಿ ಬಂದ ಕನ್ನಡ ಪುಸ್ತಕಗಳಿಗೆ ಲೆಕ್ಕವಿಲ್ಲ.

ಒಬ್ಬ ವಿದ್ಯಾರ್ಥಿನಿ ಹೀಗೆ ಬರೆದಿದ್ದಳು: 'ತಾಳಗುಂದ ಶಾಸನದ ಪ್ರಕಾರ ಮಯೂರಶರ್ಮನು ತನ್ನ ತಾತ ವೀರಶರ್ಮನ ಜೊತೆ ಓದಲು ಕಂಚಿಗೆ ಹೋದನು.' ಅಡಿಟಿಪ್ಪಣಿಯಲ್ಲಿ ರೈಸ್ ಸಂಪುಟದ ಹೆಸರಿತ್ತು. ಸರಿ, ಆ ಪುಟವನ್ನು ಜೊಟೆರೊದಲ್ಲಿ ತೆರೆದು, ತಾತ ಎನ್ನುವ ಮಾತಿಗೆ ಬಣ್ಣ ಬಳಿದು ತೋರಿಸು ಎಂದೆ. ಹುಡುಕಿದಳು. ಸಿಗಲಿಲ್ಲ. ತಾಳಗುಂದದ ಕಲ್ಲು ವೀರಶರ್ಮನನ್ನು ಗುರು ಎಂದಷ್ಟೇ ಕರೆಯುತ್ತದೆ. ಅವನು ತಾತನೂ ಹೌದು ಎಂದು ಹೇಳುವುದು ಬನವಾಸಿ ಹತ್ತಿರದ ಗುಡ್ನಾಪುರದ ಶಾಸನ, ಕದಂಬ ಅರಸ ರವಿವರ್ಮನ ಕಾಲದ್ದು. ಎರಡನ್ನೂ ಕೂಡಿಸಿ ಹೇಳುವುದು ಪುಸ್ತಕದಿಂದ ಪುಸ್ತಕಕ್ಕೆ ನಡೆದುಕೊಂಡು ಬಂದು, ಕೊನೆಗೆ ಎಲ್ಲವನ್ನೂ ತಾಳಗುಂದದ ತಲೆಗೇ ಕಟ್ಟಿದ್ದಾರೆ. ಅವಳು ಓದಿದ್ದು ಯಾವುದೋ ಪಠ್ಯಪುಸ್ತಕ. ಹೆಸರು ಹಾಕಿದ್ದು ರೈಸ್ ಅವರದ್ದು. ಸಿಮಿಲಾರಿಟಿ ತಂತ್ರಾಂಶಕ್ಕೆ ಕೊಟ್ಟರೆ ಈ ಸಾಲು ಯಾವ ತೊಂದರೆಯೂ ಇಲ್ಲದೆ ಪಾಸಾಗುತ್ತದೆ. ಆದರೆ ನೋಡದ ಆಕರವನ್ನು ನೋಡಿದೆ ಎಂದು ಹೇಳಿದಂತಾಯಿತು. ಆ ಕಲ್ಲು ಹೇಳದ ಮಾತನ್ನು ಅದರ ಬಾಯಿಗೆ ಹಾಕಿದಂತಾಯಿತು. ಕದ್ದು ಬರೆಯುವಷ್ಟೇ ಇದೂ ತಪ್ಪು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಇಂಥ ಕಡೆ ಜೊಟೆರೊದಲ್ಲಿ ನಾನು ಎರಡು ಕೆಲಸ ಮಾಡುತ್ತೇನೆ. ಓದಿದ ಪುಸ್ತಕವನ್ನೂ ಅದು ಹೆಸರಿಸುವ ಮೂಲವನ್ನೂ ಬೇರೆ ಬೇರೆ ನಮೂದುಗಳಾಗಿ ಇಟ್ಟು, ರಿಲೇಟೆಡ್ ಎಂಬ ಕಡೆ ಒಂದಕ್ಕೊಂದು ಜೋಡಿಸುತ್ತೇನೆ. ಮೂಲವನ್ನು ಕಣ್ಣಾರೆ ಓದುವ ತನಕ ಅದಕ್ಕೆ 'ನೋಡಿಲ್ಲ' ಎಂಬ ಟ್ಯಾಗ್ ಇರುತ್ತದೆ. ಅಧ್ಯಾಯ ಮುಗಿಸುವ ಮೊದಲು ಆ ಟ್ಯಾಗ್ ಒತ್ತಿದರೆ ಬಾಕಿ ಎಲ್ಲವೂ ಒಟ್ಟಿಗೆ ಕಾಣುತ್ತದೆ. ಮೂಲ ಸಿಗಲೇ ಇಲ್ಲವಾದರೆ, ಉಲ್ಲೇಖ ಸೇರಿಸುವ ಪೆಟ್ಟಿಗೆಯಲ್ಲಿ ಹೆಸರಿನ ಹಿಂದೆ ಮುಂದೆ ನಮ್ಮ ಮಾತು ಸೇರಿಸಲು ಜಾಗವಿದೆ. ಅಲ್ಲಿ 'ಉದ್ಧೃತ' ಎಂದು ಬರೆದು, ನಿಜವಾಗಿ ಓದಿದ ಪುಸ್ತಕದ ಹೆಸರನ್ನೇ ಕೊಡುತ್ತೇನೆ.

ಶಾಸನ ಎಂಬ ನಮೂದಿನ ಬಗೆ ಮಾತ್ರ ಜೊಟೆರೊದಲ್ಲಿ ಇಲ್ಲ. ನಾನು ಒಂದೊಂದು ಶಾಸನವನ್ನೂ ಪುಸ್ತಕದ ಭಾಗ ಎಂದು ಸೇರಿಸುತ್ತೇನೆ. ಶೀರ್ಷಿಕೆಯ ಜಾಗದಲ್ಲಿ 'ಶಿಕಾರಿಪುರ 176' ಎಂದು, ಪುಸ್ತಕದ ಜಾಗದಲ್ಲಿ ಸಂಪುಟದ ಹೆಸರು. ಆವೃತ್ತಿಯ ಜಾಗವನ್ನು ಎಂದೂ ಖಾಲಿ ಬಿಡಬೇಡಿ. ಎಪಿಗ್ರಾಫಿಯಾ ಕರ್ನಾಟಿಕಾವನ್ನು ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕರಿಸಿ ತರಲು ಶುರು ಮಾಡಿತು. ಹೊಸ ಸಾಲಿನಲ್ಲಿ ಸಂಪುಟಗಳ ಹಂಚಿಕೆಯೇ ಬೇರೆ. ರೈಸ್ ಕಾಲದ 7ನೇ ಸಂಪುಟ ಶಿವಮೊಗ್ಗ ಸೀಮೆಯದು. ಹೊಸದರ 7ನೇ ಸಂಪುಟ ಮಂಡ್ಯ ಜಿಲ್ಲೆಯದು. ಸುಮ್ನೆ 'ಎ.ಕ. 7' ಎಂದು ಬರೆದು ಬಿಟ್ಟರೆ ಓದುಗ ಎಲ್ಲಿ ಹುಡುಕಬೇಕು? ಆಕರ ಕೊಡುವುದು ನಾವು ಓದಿದ್ದೇವೆ ಎಂದು ತೋರಿಸಿಕೊಳ್ಳುವುದಕ್ಕಲ್ಲ. ಇನ್ನೊಬ್ಬರು ಹೋಗಿ, ನೋಡಿ, ನಾವು ಹೇಳಿದ್ದು ಸರಿಯಿಲ್ಲ ಎಂದು ಹೇಳಲು ದಾರಿ ಬಿಡುವುದಕ್ಕೆ.

ವಚನಗಳಿಗೂ ಇದೇ ಮಾತು. ಬಸವಣ್ಣನವರ ಒಂದು ವಚನ ಉದ್ಧರಿಸಿ ಕೆಳಗೆ 'ಬಸವಣ್ಣ' ಎಂದು ಬರೆದರೆ ಅದು ಆಕರವೇ ಅಲ್ಲ. ಯಾವ ಸಂಪಾದನೆ, ಯಾವ ಸಂಪುಟ, ಎಷ್ಟನೇ ವಚನ? ಪಾಠ ಒಂದು ಸಂಪಾದನೆಯಿಂದ ಇನ್ನೊಂದಕ್ಕೆ ಬದಲಾಗುತ್ತದೆ. ತಾಳೆಗರಿ ಕೂಡಿಸಿ, ಪಾಠ ಹೋಲಿಸಿ ಕಣ್ಣು ಸವೆಸಿದ ಸಂಪಾದಕರ ಹೆಸರನ್ನು ಬಿಡುವುದು ಅವರ ಜೀವಮಾನದ ದುಡಿಮೆಯನ್ನು ಬಿಟ್ಟ ಹಾಗೆ. ಜೊಟೆರೊದಲ್ಲಿ ಲೇಖಕ, ಸಂಪಾದಕ, ಅನುವಾದಕ ಮೂವರಿಗೂ ಪ್ರತ್ಯೇಕ ಸಾಲು ಇದೆ. ಸಂಪಾದಕರ ಸಾಲನ್ನು ತುಂಬಿಸದೆ ಮುಂದೆ ಹೋಗಬೇಡಿ ಎಂದು ನನ್ನ ವಿದ್ಯಾರ್ಥಿಗಳಿಗೆ ಪ್ರತಿ ಸಲ ಹೇಳುತ್ತೇನೆ.

ಪುಟ ಸಂಖ್ಯೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಹಳೆಯ ಪುಸ್ತಕದ ಸ್ಕ್ಯಾನ್‌ನಲ್ಲಿ ಮುಖಪುಟ, ಮುನ್ನುಡಿ, ಖಾಲಿ ಹಾಳೆ ಎಲ್ಲಾ ಸೇರಿ ಪಿಡಿಎಫ್‌ನ 47ನೇ ಪುಟ ಎಂದರೆ ಅಚ್ಚಿನಲ್ಲಿ 31 ಇರಬಹುದು. ಜೊಟೆರೊ ತನಗೆ ಕಂಡ ಸಂಖ್ಯೆಯನ್ನು ಹಾಕುತ್ತದೆ. ಗುರುತಿನ ಮೇಲೆ ಬಲ ಕ್ಲಿಕ್ ಮಾಡಿ ಪುಟ ಸಂಖ್ಯೆ ತಿದ್ದುವ ಆಯ್ಕೆ ಇದೆ. ಒಂದು ಕಡೆ ಸರಿ ಮಾಡಿದರೆ ಉಳಿದ ಪುಟಗಳಿಗೂ ಅದೇ ಲೆಕ್ಕ ಹಾಕಿಕೊಳ್ಳಲು ಹೇಳಬಹುದು. ಓದಲು ಕೂರುವ ಮೊದಲೇ ಇದನ್ನು ಮಾಡಿ.

ಸ್ಕ್ಯಾನ್ ಪುಸ್ತಕಗಳ ದೊಡ್ಡ ತೊಡಕು ಅಕ್ಷರಗಳದ್ದು. ಬರೀ ಚಿತ್ರವಾಗಿರುವ ಪುಟದಲ್ಲಿ ಸಾಲಿಗೆ ಬಣ್ಣ ಬಳಿಯಲು ಆಗುವುದಿಲ್ಲ. ಚಿತ್ರದಿಂದ ಅಕ್ಷರ ತೆಗೆಯುವ ಕೆಲಸವನ್ನು ಜೊಟೆರೊ ತಾನಾಗಿ ಮಾಡುವುದಿಲ್ಲ. ಬೇಕಾದ ಭಾಗದ ಸುತ್ತ ಚೌಕ ಎಳೆದು ಚಿತ್ರವಾಗಿ ಉಳಿಸಿಕೊಳ್ಳಬಹುದು, ಪುಟ ಸಂಖ್ಯೆ ಆಗಲೂ ಜೊತೆಗೆ ಬರುತ್ತದೆ. ನಾನು ಚೌಕದ ಪಕ್ಕದಲ್ಲೇ ಆ ಸಾಲನ್ನು ಟೈಪ್ ಮಾಡಿಕೊಳ್ಳುತ್ತೇನೆ. ನಿಧಾನ, ನಿಜ. ಆದರೆ ಟೈಪ್ ಮಾಡುವಾಗ ಒಂದೊಂದು ಪದವನ್ನೂ ನೋಡಲೇಬೇಕಾಗುತ್ತದೆ. ಶಾಸನ ಓದುವವರಿಗೆ ಅದು ನಷ್ಟವೇನಲ್ಲ.

'ನುಡಿ', 'ಬರಹ' ತಂತ್ರಾಂಶಗಳ ಕಾಲದ ಹಳೆಯ ಫಾಂಟ್‌ಗಳಲ್ಲಿ ಮಾಡಿದ ಪಿಡಿಎಫ್‌ಗಳು ಇನ್ನೂ ಕಷ್ಟ. ಕಣ್ಣಿಗೆ ಕನ್ನಡ ಕಾಣುತ್ತದೆ. ಬಣ್ಣ ಬಳಿದು ನೋಟ್ ಮಾಡಿದರೆ ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳು ಬೀಳುತ್ತವೆ. ಕಂಪ್ಯೂಟರ್‌ಗಳು ಕನ್ನಡವೆಂದೇ ಗುರುತಿಸುವ ಯುನಿಕೋಡ್ ಸಂಕೇತ ಒಳಗಿರುವುದಿಲ್ಲ. ಇದು ಜೊಟೆರೊದ ತಪ್ಪಲ್ಲ, ನಮ್ಮ ಪುಸ್ತಕಗಳು ತಯಾರಾದ ರೀತಿ ಹಾಗಿತ್ತು. ಇಂಥ ಕಡತಗಳಲ್ಲಿ ಹುಡುಕಾಟವೂ ನಡೆಯುವುದಿಲ್ಲ. ಸಿಮಿಲಾರಿಟಿ ತಂತ್ರಾಂಶಗಳಿಗೂ ಇವು ಕನ್ನಡವಾಗಿ ಕಾಣುವುದಿಲ್ಲ ಎನ್ನುವುದನ್ನು ನೆನಪಿಡಿ. ಕನ್ನಡ ಪ್ರಬಂಧದ ವರದಿಯಲ್ಲಿ 2 ಪರ್ಸೆಂಟ್ ಎಂದು ಬಂದರೆ ಅದರ ಅರ್ಥ ಬರಹ ಸ್ವಂತದ್ದು ಎಂದೇ ಇರಬೇಕಾಗಿಲ್ಲ. ಹೋಲಿಸಲು ಬೇಕಾದ ಪುಸ್ತಕಗಳು ಯಂತ್ರದ ಕಣ್ಣಿಗೆ ಬಿದ್ದೇ ಇಲ್ಲದಿರಬಹುದು.

ಈ ಮಾತು ಬಂದಿತು ಎಂದು ಇನ್ನೊಂದು ಹೇಳಿಬಿಡುತ್ತೇನೆ. ಯುಜಿಸಿ ನಿಯಮದಲ್ಲಿ 'ಎಲ್ಲರಿಗೂ ಗೊತ್ತಿರುವ ಸಂಗತಿ', 'ಆಕಸ್ಮಿಕವಾಗಿ ಹೊಂದಿಬಿಡುವ ಪದಗಳು' ಇಂಥವನ್ನು ಸತತ 14 ಪದಗಳ ತನಕ ಲೆಕ್ಕದಿಂದ ಬಿಡಬಹುದು ಎಂದಿದೆ. ಕನ್ನಡದಲ್ಲಿ ವಿಭಕ್ತಿ, ಕ್ರಿಯೆ, ನಕಾರ ಎಲ್ಲವೂ ಒಂದೇ ಪದದೊಳಗೆ ಸೇರಿಕೊಳ್ಳುತ್ತವೆ. ನಮ್ಮ 14 ಪದದಲ್ಲಿ ಒಂದು ಪೂರ್ತಿ ವಾದವೇ ಮುಗಿದುಹೋಗಬಹುದು. ಹಾಗಾಗಿ ಸಂಖ್ಯೆಯನ್ನು ನಂಬಿ ಕೂರುವುದು ಕನ್ನಡದಲ್ಲಿ ಬರೆಯುವವರಿಗೆ ಇನ್ನೂ ಅಪಾಯ.

ಪರ್ಸೆಂಟ್ ಇಳಿಸಿ ಕೊಡುವ ಅಂಗಡಿಗಳೂ ಹುಟ್ಟಿಕೊಂಡಿವೆ. ಪದಗಳನ್ನು ಅದಲು ಬದಲು ಮಾಡುತ್ತಾರೆ, ಮೂಲದ ಹೆಸರು ಹಾಕುವುದಿಲ್ಲ. ವರದಿ ಚೆನ್ನಾಗಿ ಬರುತ್ತದೆ, ಕಳ್ಳತನ ಮೊದಲಿನಷ್ಟೇ ಇರುತ್ತದೆ. ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ಇಳಿಸಿ ತಮ್ಮದೆಂದು ಕೊಡುವುದಂತೂ ಹಳೆಯ ರೋಗ. ಭಾಷೆ ಬದಲಾದ ತಕ್ಷಣ ಮಾತಿನ ಒಡೆತನ ಬದಲಾಗುವುದಿಲ್ಲ. ಅನುವಾದಿಸಿದ ಸಾಲಿಗೆ ಮೂಲ ಲೇಖಕರ ಹೆಸರು, ಪುಟ, 'ಅನುವಾದ ನನ್ನದು' ಎಂಬ ಮಾತು ಮೂರೂ ಬೇಕು. ಕನ್ನಡ ಪುಸ್ತಕದಿಂದ ವಿಚಾರ ತೆಗೆದುಕೊಂಡು ಇಂಗ್ಲಿಷ್‌ನಲ್ಲಿ ಬರೆಯುವಾಗ ಕನ್ನಡದವರ ಹೆಸರು ಬಿಡುವುದೂ ಇದೆ. ಅದು ನನಗೆ ಇನ್ನೂ ಜಾಸ್ತಿ ನೋವು ಕೊಡುತ್ತದೆ. ಸಣ್ಣ ಊರಿನಲ್ಲಿ ಕೂತು, ಕೈಯಿಂದ ದುಡ್ಡು ಹಾಕಿ, ಕಲ್ಲು ಹುಡುಕಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರ ಪುಸ್ತಕ 500 ಪ್ರತಿ ಅಚ್ಚಾಗಿ ಮುಗಿದಿರುತ್ತದೆ. ಅಡಿಟಿಪ್ಪಣಿಯಲ್ಲಿ ಹೆಸರು ಬರುವುದೊಂದೇ ಅವರಿಗೆ ಸಲ್ಲುವ ಗೌರವ.

ಈಗ ಅಡಿಟಿಪ್ಪಣಿಯ ವಿಷಯ. ನಮ್ಮ ಪ್ರಬಂಧಗಳಲ್ಲಿ 'ಅದೇ, ಪು. 34', 'ಪೂರ್ವೋಕ್ತ' ಎಂದು ಬರೆಯುವ ಪದ್ಧತಿ ಇದೆ. ಕೈಯಲ್ಲಿ ಬರೆದಾಗ ಇದು ಸರಿ. ಕಂಪ್ಯೂಟರ್‌ನಲ್ಲಿ ಒಂದು ಪ್ಯಾರಾ ಮೇಲಿಂದ ಕೆಳಗೆ ಸರಿಸಿದ ಕ್ಷಣ 'ಅದೇ' ಎನ್ನುವುದು ಬೇರೆ ಯಾರದೋ ಪುಸ್ತಕವನ್ನು ತೋರಿಸತೊಡಗುತ್ತದೆ. ಒಬ್ಬರ ಮಾತು ಇನ್ನೊಬ್ಬರ ಖಾತೆಗೆ ಹೋಗುತ್ತದೆ. ಜೊಟೆರೊ ಹಾಕಿದ ಅಡಿಟಿಪ್ಪಣಿಗಳು ಹೀಗೆ ಆಗುವುದಿಲ್ಲ. ಪ್ಯಾರಾ ಎಲ್ಲಿಗೆ ಹೋದರೂ ರಿಫ್ರೆಶ್ ಒತ್ತಿದರೆ ಮೊದಲ ಉಲ್ಲೇಖ ಪೂರ್ತಿಯಾಗಿ, ನಂತರದ್ದು ಚಿಕ್ಕದಾಗಿ ಹೊಂದಿಕೊಳ್ಳುತ್ತದೆ. ದೊಡ್ಡ ಪ್ರಬಂಧ ಬರೆಯುವವರಿಗೆ ಇದೊಂದೇ ಕಾರಣ ಸಾಕು.

ಆದರೆ ಉಲ್ಲೇಖ ಯಾವ ರೂಪದಲ್ಲಿ ಬರಬೇಕೆಂದು ಹೇಳುವ ಸಿದ್ಧ ಶೈಲಿಗಳನ್ನು ಹಾಗೇ ಬಳಸಿದರೆ ಕನ್ನಡ ಹೆಸರುಗಳ ನಡುವೆ ಇಂಗ್ಲಿಷ್ ಸಂಕ್ಷೇಪಗಳು ಬಂದು ಕೂರುತ್ತವೆ. ಸಂಪಾದಕರ ಹೆಸರಿನ ಮುಂದೆ 'ಸಂ.' ಬೇಕು, ಪುಟಕ್ಕೆ 'ಪು.' ಬೇಕು, ಅನುವಾದಕರಿಗೆ 'ಅನು.' ಬೇಕು. ಒಳ್ಳೆಯ ಸುದ್ದಿ ಎಂದರೆ ಜೊಟೆರೊದ ಶೈಲಿಗಳೆಲ್ಲಾ ಸಾದಾ ಪಠ್ಯದ ಫೈಲ್‌ಗಳು. ಒಳಗೇ ಒಂದು ಶೈಲಿ ಸಂಪಾದಕವೂ ಇದೆ. ಆ ಕೆಲವು ಪದಗಳಿಗೆ ನಮ್ಮ ಪದಗಳನ್ನು ಕೊಟ್ಟು ಹೊಸ ಹೆಸರಿನಲ್ಲಿ ಉಳಿಸಿಕೊಂಡರೆ ಆಯಿತು. ನನಗೆ ಕಂಪ್ಯೂಟರ್ ವಿಭಾಗದ ಸಹೋದ್ಯೋಗಿಯೊಬ್ಬರು ಒಂದು ಸಂಜೆ ಕೂತು ಮಾಡಿಕೊಟ್ಟರು. ಪ್ರತಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ತನ್ನ ಪದ್ಧತಿಗೆ ಒಂದು ಶೈಲಿ ಫೈಲ್ ಮಾಡಿಸಿ ವಿದ್ಯಾರ್ಥಿಗಳಿಗೆ ಹಂಚಿದರೆ ಎಷ್ಟು ಜನರ ಎಷ್ಟು ದಿನ ಉಳಿಯುತ್ತದೆ!

ಹೆಸರುಗಳ ವಿಷಯಕ್ಕೆ ಬಂದರೆ, ಜೊಟೆರೊ ಎಲ್ಲರಿಗೂ ಕುಲನಾಮ, ಮೊದಲ ಹೆಸರು ಎಂದು ಎರಡು ಭಾಗ ಕೇಳುತ್ತದೆ. ನಮ್ಮ ಇನಿಷಿಯಲ್‌ಗಳು ಊರಿನದ್ದೋ ತಂದೆಯದ್ದೋ ಆಗಿರುತ್ತವೆ. ಕುವೆಂಪು ಎಂಬ ಹೆಸರಿಗೆ ಎರಡು ಭಾಗವೇ ಇಲ್ಲ. ಹೆಸರಿನ ಪಕ್ಕದ ಚಿಕ್ಕ ಗುಂಡಿ ಒತ್ತಿದರೆ ಎರಡು ಜಾಗ ಹೋಗಿ ಒಂದೇ ಜಾಗವಾಗುತ್ತದೆ. ಕಾವ್ಯನಾಮ, ಸಂಸ್ಥೆಗಳಿಗೆ ಅದನ್ನೇ ಬಳಸಿ. ಇನಿಷಿಯಲ್ ಇರುವವರಿಗೆ ಕೊನೆಯ ಹೆಸರಿನ ಜಾಗದಲ್ಲಿ ಮುಖ್ಯ ಹೆಸರು, ಮೊದಲ ಹೆಸರಿನ ಜಾಗದಲ್ಲಿ ಇನಿಷಿಯಲ್. ಆಗ 'ಚಿದಾನಂದಮೂರ್ತಿ, ಎಂ.' ಎಂದು ನಮಗೆ ಬೇಕಾದಂತೆಯೇ ಬರುತ್ತದೆ. ಕನ್ನಡ ಪುಸ್ತಕಗಳ ವಿವರವನ್ನು ಮಾತ್ರ ಬಹುತೇಕ ಕೈಯಲ್ಲೇ ತುಂಬಬೇಕು. ಹಳೆಯವಕ್ಕೆ ಐಎಸ್‌ಬಿಎನ್ ಇರುವುದಿಲ್ಲ. ಜಾಲದಲ್ಲಿ ಸಿಗುವ ಸ್ಕ್ಯಾನ್‌ಗಳ ವಿವರದಲ್ಲಿ ಹೆಸರು ರೋಮನ್ ಲಿಪಿಯಲ್ಲಿ ಕಲಸಿಹೋಗಿರುತ್ತದೆ. ತಂತ್ರಾಂಶ ಎಳೆದುಕೊಂಡದ್ದನ್ನು ನಂಬದೆ, ಪುಸ್ತಕದ ಶೀರ್ಷಿಕೆ ಪುಟ ತೆರೆದು ತಾಳೆ ನೋಡಿ.

ಜಾನಪದದವರಿಗೆ ಇದು ಬರೀ ಪುಸ್ತಕಗಳ ತಂತ್ರಾಂಶ ಎನ್ನುವ ಅನುಮಾನ ಇರುತ್ತದೆ. ನನಗೆ ಹಾಗೆ ಅನ್ನಿಸಿಲ್ಲ. ಇದರಲ್ಲಿ ಸಂದರ್ಶನ ಎಂಬ ನಮೂದು ಇದೆ. ಯಾರ ಜೊತೆ ಮಾತಾಡಿದ್ದು, ಮಾತಾಡಿಸಿದವರು ಯಾರು, ತಾರೀಕು, ಮಾಧ್ಯಮ ಎಲ್ಲಕ್ಕೂ ಜಾಗವಿದೆ. ಧ್ವನಿಮುದ್ರಣವನ್ನೂ ಅದಕ್ಕೇ ಲಗತ್ತಿಸಬಹುದು. ಉಡುತಡಿ ಕಡೆಯ ಒಬ್ಬ ಅಜ್ಜಿ ಹಾಡಿದ ಸೋಬಾನೆ ಪದಗಳು ನನ್ನ ಹತ್ತಿರ ಹೀಗೇ ಇವೆ. ನಮ್ಮಲ್ಲಿ ಜಾನಪದ ಪ್ರಬಂಧಗಳ ಕೊನೆಗೆ ವಕ್ತೃಗಳ, ಅಂದರೆ ಹಾಡು ಕಥೆ ಹೇಳಿದವರ, ಪಟ್ಟಿ ಕೊಡುವ ಒಳ್ಳೆಯ ಪದ್ಧತಿ ಇದೆ. ಆದರೆ ಆ ಪಟ್ಟಿ ಕೊನೆಯ ಪುಟದಲ್ಲಿ ಉಳಿದುಬಿಡುತ್ತದೆ. ಒಳಗೆ ಹಾಡು ಬಂದ ಕಡೆ 'ಜನಪದರು ಹೇಳುವಂತೆ' ಎಂದಿರುತ್ತದೆ. ಒಂದು ಪುಸ್ತಕದ ಸಾಲಿಗೆ ಪುಟ ಸಮೇತ ಹೆಸರು ಕೊಡುವವರು, ನೂರಾರು ಸಾಲು ಕಂಠದಲ್ಲಿ ಇಟ್ಟುಕೊಂಡ ಹೆಂಗಸಿಗೆ ಯಾಕೆ ಕೊಡಬಾರದು? ಸಂದರ್ಶನದ ನಮೂದು ಇದ್ದರೆ ಹಾಡು ಬಂದ ಜಾಗದಲ್ಲೇ ಅವರ ಹೆಸರು ಅಡಿಟಿಪ್ಪಣಿಯಾಗಿ ಬರುತ್ತದೆ. ಹೆಸರು ಹಾಕಬಹುದೇ ಎಂದು ಅವರನ್ನು ಮೊದಲೇ ಕೇಳಬೇಕು. ಬೇಡ ಎಂದವರದ್ದನ್ನು ಹಾಕಬಾರದು. ಒಪ್ಪಿಗೆ ಸಿಕ್ಕಿದೆಯೇ ಇಲ್ಲವೇ ಎನ್ನುವುದಕ್ಕೂ ನಾನು ಒಂದು ಟ್ಯಾಗ್ ಇಟ್ಟಿದ್ದೇನೆ.

ಚಾಟ್‌ಬಾಟ್‌ಗಳು ಕೊಡುವ ಆಕರಗಳ ಬಗ್ಗೆಯೂ ಒಂದು ಮಾತು. ಇಲ್ಲದ ಲೇಖನಕ್ಕೆ ಚೆಂದದ ಹೆಸರು, ವರ್ಷ, ಪುಟ ಎಲ್ಲಾ ಹುಟ್ಟಿಸಿ ಕೊಡುವುದು ಅವುಗಳಲ್ಲಿ ಕಂಡುಬರುವ ದೋಷ. ಜೊಟೆರೊದಲ್ಲಿ ಡಿಒಐ, ಅಂದರೆ ಒಂದೊಂದು ಲೇಖನಕ್ಕೂ ಕೊಡುವ ಗುರುತಿನ ಸಂಖ್ಯೆ, ಹಾಕಿದರೆ ವಿವರ ತರುವ ಗುಂಡಿ ಇದೆ. ಸುಳ್ಳು ಸಂಖ್ಯೆಯಾದರೆ ಏನೂ ಬರುವುದಿಲ್ಲ, ಇಲ್ಲವೇ ಸಂಬಂಧವಿಲ್ಲದ ಲೇಖನ ಬರುತ್ತದೆ. ಕನ್ನಡ ಪುಸ್ತಕಗಳಿಗೆ ಈ ಪರೀಕ್ಷೆ ಇಲ್ಲ. ಗ್ರಂಥಾಲಯಕ್ಕೆ ಹೋಗಿ ಪುಸ್ತಕ ಕೈಯಲ್ಲಿ ಹಿಡಿಯುವುದೊಂದೇ ದಾರಿ. ವಿಜ್ಞಾನದವರಿಗೆ ಇನ್ನೊಂದು ಅನುಕೂಲವಿದೆ. ಪತ್ರಿಕೆ ಹಿಂತೆಗೆದುಕೊಂಡ ಲೇಖನ ನಿಮ್ಮ ಸಂಗ್ರಹದಲ್ಲಿದ್ದರೆ 2019ರಿಂದ ಜೊಟೆರೊ ಕೆಂಪು ಪಟ್ಟಿ ತೋರಿಸಿ ಎಚ್ಚರಿಸುತ್ತದೆ.

ಖರ್ಚು ಎಷ್ಟು? ತಂತ್ರಾಂಶಕ್ಕೆ ಏನೂ ಇಲ್ಲ. ನಮೂದು, ನೋಟ್, ಟ್ಯಾಗ್‌ಗಳನ್ನು ಎಷ್ಟು ಕಂಪ್ಯೂಟರ್‌ಗಳ ನಡುವೆ ಬೇಕಾದರೂ ಹೊಂದಿಸಿಕೊಳ್ಳಬಹುದು, ಮಿತಿ ಇಲ್ಲ. ಪಿಡಿಎಫ್ ಕಡತಗಳಿಗೆ ಮಾತ್ರ ಅವರ ಸರ್ವರ್‌ನಲ್ಲಿ ಉಚಿತವಾಗಿ ಸಿಗುವುದು 300 ಎಂಬಿ. ಶಾಸನ ಸಂಪುಟಗಳ ನಾಲ್ಕಾರು ಸ್ಕ್ಯಾನ್ ಹಾಕಿದರೆ ಅದು ತುಂಬಿಹೋಗುತ್ತದೆ. 2 ಜಿಬಿ ಬೇಕಾದರೆ ವರ್ಷಕ್ಕೆ 20 ಡಾಲರ್. ವಿದ್ಯಾರ್ಥಿವೇತನ ಸರಿಯಾಗಿ ಬರದವರಿಗೆ ಅದು ಕಡಿಮೆ ದುಡ್ಡಲ್ಲ. ಅವರು ಕಡತ ಹೊಂದಿಸುವ ಆಯ್ಕೆಯನ್ನು ಮುಚ್ಚಿ, ಪಿಡಿಎಫ್‌ಗಳನ್ನು ತಮ್ಮ ಕಂಪ್ಯೂಟರ್‌ನಲ್ಲೇ ಇಟ್ಟುಕೊಳ್ಳಲಿ. ಉಳಿದದ್ದೆಲ್ಲಾ ನಡೆಯುತ್ತದೆ. ಆದರೆ ಬೇರೆ ಡಿಸ್ಕ್‌ನಲ್ಲಿ ಒಂದು ನಕಲು ಇರಲೇಬೇಕು.

ಕೊರತೆಗಳಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಅಚ್ಚಿನ ಹಂತದ್ದು. ಯುನಿಕೋಡ್‌ನಲ್ಲಿ ಬರೆದ ಪ್ರಬಂಧವನ್ನು ಡಿಟಿಪಿಯವರು ನುಡಿ ಫಾಂಟ್‌ಗೆ ಬದಲಾಯಿಸಿ, ಪುಟ ಕಟ್ಟುವ ಪೇಜ್‌ಮೇಕರ್ ತಂತ್ರಾಂಶಕ್ಕೆ ಹಾಕಿದರೆ ಜೊಟೆರೊದ ಕೊಂಡಿಗಳೆಲ್ಲಾ ಕಡಿದುಹೋಗುತ್ತವೆ. ಎಷ್ಟೋ ಸಲ ಅಡಿಟಿಪ್ಪಣಿಗಳೇ ಪಠ್ಯದಿಂದ ಬೇರೆಯಾಗುತ್ತವೆ. ಆಕರಗಳನ್ನು ಕಷ್ಟಪಟ್ಟು ಸರಿಯಾಗಿ ಕೊಟ್ಟ ಪುಸ್ತಕ ಅಚ್ಚಾಗಿ ಬಂದಾಗ ಸಂಖ್ಯೆಗಳು ಕದಲಿರುತ್ತವೆ. ಯುನಿಕೋಡ್‌ನಲ್ಲೇ ಪುಟ ಕಟ್ಟುವ ಮುದ್ರಕರನ್ನು ಹುಡುಕಿ. ಸಿಗದಿದ್ದರೆ ಕರಡು ತಿದ್ದುವಾಗ ಒಂದು ಸುತ್ತು ಅಡಿಟಿಪ್ಪಣಿಗಳಿಗೇ ಮೀಸಲಿಡಿ. ವರ್ಡ್‌ನಲ್ಲಿ ಅನ್‌ಲಿಂಕ್ ಎಂಬ ಗುಂಡಿ ಒತ್ತುವ ಮೊದಲು ಕೊಂಡಿ ಇರುವ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಅನ್‌ಲಿಂಕ್ ಮಾಡಿದ ಪ್ರತಿಯಲ್ಲಿ ಉಲ್ಲೇಖಗಳು ಮತ್ತೆ ತಾವಾಗಿ ಬದಲಾಗುವುದಿಲ್ಲ.

ಇದೇ ಕೆಲಸಕ್ಕೆ ಎಂಡ್‌ನೋಟ್, ಮೆಂಡಲೆ ಎಂಬ ತಂತ್ರಾಂಶಗಳೂ ಇವೆ. ಎಂಡ್‌ನೋಟ್‌ಗೆ ದುಡ್ಡು ಕೊಡಬೇಕು. ಮೆಂಡಲೆ ಒಂದು ದೊಡ್ಡ ಪ್ರಕಾಶನ ಕಂಪನಿಯ ಕೈಯಲ್ಲಿದೆ. ಕನ್ನಡದ ಆಕರಗಳನ್ನು ಜಾಸ್ತಿ ಬಳಸುವವರಿಗೆ ಶೈಲಿಯನ್ನು ನಾವೇ ತಿದ್ದಿಕೊಳ್ಳುವ ಸ್ವಾತಂತ್ರ್ಯ, ಇತಿಹಾಸಕ್ಕೆ ಒದಗುವ ನಮೂದಿನ ಬಗೆಗಳು ಮುಖ್ಯ. ಆ ಎರಡು ಕಾರಣಕ್ಕೆ ನನ್ನ ಆಯ್ಕೆ ಜೊಟೆರೊ. ಐದು ಅಂಕಕ್ಕೆ ನಾಲ್ಕು ಕೊಡುತ್ತೇನೆ.

ಹೊಸದಾಗಿ ಶುರು ಮಾಡುವವರು ಹಳೆಯ ನೋಟ್ಸ್ ಎಲ್ಲವನ್ನೂ ಒಮ್ಮೆಲೇ ತುಂಬಲು ಹೋಗಬೇಡಿ. ಈಗ ಬರೆಯುತ್ತಿರುವ ಅಧ್ಯಾಯದ ಪುಸ್ತಕಗಳನ್ನು ಮಾತ್ರ ಸೇರಿಸಿ. ಒಂದೊಂದಕ್ಕೂ ಸಂಪಾದಕರು, ಆವೃತ್ತಿ, ವರ್ಷ ತುಂಬಿ. ಓದಿಲ್ಲದ್ದಕ್ಕೆ 'ನೋಡಿಲ್ಲ' ಎಂದು ಟ್ಯಾಗ್ ಹಾಕಿ. 'ಸಂ.', 'ಪು.', 'ಅನು.' ಸೇರಿಸಿದ ನನ್ನ ಶೈಲಿ ಫೈಲ್ ಬೇಕಾದವರು ಕೇಳಿದರೆ ಕಳಿಸುತ್ತೇನೆ. ನಿಮ್ಮ ವಿಶ್ವವಿದ್ಯಾಲಯದ ಪದ್ಧತಿಗೆ ತಕ್ಕಂತೆ ತಿದ್ದಿಕೊಂಡು ಬಳಸಬಹುದು.